ಜೋಳದ ಹಿಟ್ಟಿಗೆ ಕುದಿಯೋ ಎಸರು ಬೇಕು, ಗೋಧಿಗೆ ತಣ್ಣೀರು ಸಾಕು. ಯಾಕ?

ರೊಟ್ಟಿಮನಿ, ಧಾಯರಿ (ಪುಣೆ)

ಎಲ್ಲಾರಿಗೂ ನಮಸ್ಕಾರ್ರಿ. ನಮ್ಮೂರು ಸಿಂದಗಿ ಕಡೆ. ಈಗ ಪುಣೆದಾಗ, ಧಾಯರಿಯೊಳಗ ಇರ್ತೀವಿ. ಇಲ್ಲಿ ಖಾನಾವಳಿಗೋಳಿಗೆ, ಮತ್ತ ರೂಮ್ ಮಾಡ್ಕೊಂಡಿರೋ ನಮ್ಮ ಕಡೆ ಹುಡುಗ್ರಿಗೆ ಜೋಳದ ರೊಟ್ಟಿ ಬಡದು ಕೊಡ್ತೀನಿ. ಚಪಾತಿನೂ ಮಾಡ್ತೀನಿ, ಆದ್ರ ಚಪಾತಿ ಯಾರ್ ಬೇಕಾದ್ರೂ ಮಾಡ್ತಾರ ಬಿಡ್ರಿ.

ಪ್ರಶ್ನೆ ನಂದಲ್ಲ, ಮಗಳದು. ಹನ್ನೊಂದನೇ ಸೈನ್ಸ್ ಓದ್ತಾಳ. ಬಯೋಮಾಲಿಕ್ಯೂಲ್ಸ್ ಅಂತ ಒಂದು ಪಾಠ ಅದ ಅಂತ. ನಾ ಹಿಟ್ಟು ನಾದೂವಾಗ ಬಾಜೂಕ ಕುಂತು ಜೋರಾಗಿ ಓದ್ತಿದ್ಲು: ಕಾರ್ಬೋಹೈಡ್ರೇಟ್, ಪ್ರೋಟೀನ್, ಕೊಬ್ಬು, ನ್ಯೂಕ್ಲಿಯಿಕ್ ಆಸಿಡ್. ಓದೋದು ನಿಲ್ಲಿಸಿ ಕೇಳಿದ್ಲು, "ಮಮ್ಮಿ, ಜೋಳದಾಗ ಪಿಷ್ಟ ಅದ, ಪ್ರೋಟೀನ್ ಅದ. ಗೋಧಿಯೊಳಗೂ ಅವೇ ಎರಡು. ಹಂಗಿದ್ರ ಗೋಧಿಹಿಟ್ಟು ತಣ್ಣೀರಾಗ ಕಲಸಿದ್ರ ನಡೀತದ, ಜೋಳದ ಹಿಟ್ಟಿಗೆ ಯಾಕ ಎಸರು ಬೇಕು?" ನಮ್ಮ ಅತ್ತಿ ಹಿಂಗ ಕಲಿಸ್ಯಾರ ಅಂದೆ. ಅದು ಉತ್ತರ ಅಲ್ಲ ಅಂದ್ಲು. ಟ್ಯೂಷನ್ ಸರ್‌ನ ಕೇಳಿದ್ರ "ಜೋಳದಾಗ ಗ್ಲುಟೆನ್ ಇಲ್ಲ" ಅಂತ ಹೇಳಿ ಮುಂದಿನ ಪಾಠಕ್ಕ ಹೋದ್ರಂತ. ಅಲ್ರಿ, ಗ್ಲುಟೆನ್ ಅಂದ್ರೂ ಪ್ರೋಟೀನೇ ಅಂತಲ್ಲ? ಜೋಳದಾಗಿನ ಪ್ರೋಟೀನ್ ಮತ್ತೇನ್ ಮಾಡ್ತದ, ಸುಮ್ಮ ಕುಂತಿರ್ತದೇನು?

ನನ್ನ ಅನುಭವದ್ದೂ ಹೇಳಿಬಿಡ್ತೀನಿ. ಎಸರು ಕೊತಕೊತ ಕುದ್ದಿರಬೇಕು. ಬರೇ ಬೆಚ್ಚಗಿನ ನೀರು ಹಾಕಿದ್ರ ರೊಟ್ಟಿ ಬಡಿಯೂವಾಗ ಅಂಚಿನಾಗ ಸೀಳ್ತದ. ಹಿಟ್ಟು ಹಳೇದಾದ್ರ ಜಿಗಿ ಹೋಗ್ತದ, ಎಂಥಾ ಎಸರು ಹಾಕಿದ್ರೂ ಬರಂಗಿಲ್ಲ. ಮುಂಜಾನಿ ಮೆತ್ತಗಿದ್ದ ರೊಟ್ಟಿ ಸಂಜಿಗೆ ಬಿರುಸಾಗ್ತದ. ಆದ್ರ ಕಡಕ್ ರೊಟ್ಟಿ ತಿಂಗಳಗಟ್ಟಲೆ ಹಂಗೇ ಇರ್ತದ. ಇವೆಲ್ಲಕ್ಕೂ ಕಾರಣ ಒಂದೇ ಏನು? ತಿಳಿದವ್ರು ಹೇಳ್ರಿ. ಇಂಗ್ಲಿಷಿನಾಗ ಬರೀಬ್ಯಾಡ್ರಿ, ಮಗಳಷ್ಟೇ ಅಲ್ಲ, ನಾನೂ ಓದಾಕಿ.

ಡೊಂಬಿವಲಿ ಶೆಟ್ರು

ಗ್ಲುಟೆನ್ ಇಲ್ಲ, ಅಷ್ಟೇ ಮಾರಾಯ್ರೆ. ನಮ್ಮಲ್ಲಿ ಅಕ್ಕಿ ರೊಟ್ಟಿಗೂ ಹಾಗೆಯೇ, ಹಿಟ್ಟು ನೀರಲ್ಲಿ ಕಾಯಿಸಿಯೇ ತಟ್ಟುದು. ಮೊದಲು ನಾನಿದ್ದ ಹೋಟೆಲಿನಲ್ಲಿ ಒಬ್ಬ ಹುಡುಗ ಜೋಳದ ಹಿಟ್ಟಿಗೆ ಮೈದಾ ಸೇರಿಸಿ ಚಪಾತಿ ಹಾಗೆ ಲಟ್ಟಿಸ್ತಿದ್ದ. ಬಿಸಿನೀರೂ ಬೇಡ, ಬಡಿಯುದೂ ಬೇಡ. ಗಿರಾಕಿಗಳು "ಭಾಕರಿ ಬಹುತ್ ಸಾಫ್ಟ್ ಹೈ" ಅಂತ ಹೊಗಳ್ತಿದ್ರು!

ಪಿಪೆಟ್ ಹಿಡಿದವ (ಪಾಷಾಣ್, ಪುಣೆ)

ಅಕ್ಕಾ, ಮಗಳ ತಕರಾರು ನ್ಯಾಯವಾದದ್ದು. ‘ಗ್ಲುಟೆನ್ ಇಲ್ಲ’ ಅನ್ನೋದು ಏನಿಲ್ಲ ಅಂತ ಹೇಳುತ್ತೆ, ಏನಿದೆ ಅಂತ ಹೇಳಲ್ಲ. ನಾನು ಇಲ್ಲೇ ಒಂದು ಲ್ಯಾಬಿನಲ್ಲಿ ಪ್ರೋಟೀನ್ ಶುದ್ಧ ಮಾಡೋ ಕೆಲಸದಲ್ಲಿದ್ದೀನಿ. ಬ್ಯಾಕ್ಟೀರಿಯಾ ಬೆಳೆಸೋದು, ಒಡೆಯೋದು, ಅದರೊಳಗಿನ ಸಾವಿರಾರು ಪ್ರೋಟೀನುಗಳಲ್ಲಿ ನಮಗೆ ಬೇಕಾದ ಒಂದನ್ನು ಹೊರಗೆ ತೆಗೆಯೋದು. ಬೆಳೆದದ್ದು ಮೈಸೂರಿನಲ್ಲಿ, ಆದರೆ ಅಮ್ಮ ಗೋಕಾಕದವರು, ಹಾಗಾಗಿ ರೊಟ್ಟಿ ವಿಷಯದಲ್ಲಿ ನನಗೂ ಸ್ವಲ್ಪ ಮಾತಾಡೋ ಹಕ್ಕಿದೆ. ಉದ್ದ ಬರೀತೀನಿ, ಪುರುಸೊತ್ತಾದಾಗ ಓದಿ.

ಮೊದಲು ಓದೋದು ಬಿಟ್ಟು ಒಂದು ಕೆಲಸ ಮಾಡಿಸಿ. ಒಂದು ಹಿಡಿ ಗೋಧಿಹಿಟ್ಟು, ಮೈದಾ ಆದರೆ ಇನ್ನೂ ಒಳ್ಳೇದು, ತಣ್ಣೀರಲ್ಲಿ ಗಟ್ಟಿಯಾಗಿ ನಾದಿ ಅರ್ಧ ಗಂಟೆ ಬಿಡಿ. ಆಮೇಲೆ ಉಂಡೆಯನ್ನ ಒಂದು ಬೋಗುಣಿ ನೀರಲ್ಲಿ ಮುಳುಗಿಸಿ ಮೆಲ್ಲಗೆ ಹಿಸುಕ್ತಾ ತೊಳೀಲಿ. ನೀರು ಬೆಳ್ಳಗಾಗುತ್ತೆ, ಅದು ಪಿಷ್ಟ. ನೀರು ಬದಲಾಯಿಸಿ ಮತ್ತೆ ತೊಳೀಲಿ. ಕೊನೆಗೆ ಕೈಯಲ್ಲಿ ಬೂದುಬಣ್ಣದ, ಎಳೆದರೆ ಹಿಗ್ಗಿ ಬಿಟ್ಟರೆ ವಾಪಸ್ ಬರೋ ಒಂದು ಗಂಟು ಉಳಿಯುತ್ತೆ. ಅದೇ ಗ್ಲುಟೆನ್. ಇಟಲಿಯ ಬೊಲೋನ್ಯಾದಲ್ಲಿ ಬೆಕ್ಕಾರಿ ಅನ್ನೋರು 1728ರಲ್ಲಿ ಇದನ್ನೇ ಮಾಡಿ ವಿವರಿಸಿದರು, ಅದು ಅಚ್ಚಾದದ್ದು 1745ರಲ್ಲಿ. ಪ್ರಾಣಿಯ ಮೈಯಿಂದ ಬರೋವಂಥ ವಸ್ತು ಗಿಡದ ಕಾಳಿನಲ್ಲಿ ಸಿಕ್ಕಿತಲ್ಲ ಅಂತ ಅವರಿಗೇ ಆಶ್ಚರ್ಯ. ಪ್ರೋಟೀನ್ ಅನ್ನೋ ಹೆಸರೇ ಆಗ ಹುಟ್ಟಿರಲಿಲ್ಲ.

ಅದೇ ರೀತಿ ಜೋಳದ ಹಿಟ್ಟು ಕಲಸಿ ತೊಳೀರಿ. ಕೈಯಲ್ಲಿ ಏನೂ ಉಳಿಯಲ್ಲ, ಎಲ್ಲಾ ಬೋಗುಣಿಗೆ. (ಶೆಟ್ರೇ, ನಿಮ್ಮ ಹಳೇ ಹೋಟೆಲಿನ ಹಿಟ್ಟನ್ನ ಗಿರಾಕಿಯೊಬ್ಬ ಹೀಗೆ ತೊಳೆದು ನೋಡಿದ್ದರೆ ಆ ಹುಡುಗನ ಗುಟ್ಟು ಅಲ್ಲೇ ರಟ್ಟಾಗ್ತಿತ್ತು.)

ಈಗ ಯಾಕೆ ಅಂತ ನೋಡೋಣ. ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳ ಸರಪಳಿ. ಅಮೈನೋ ಆಮ್ಲಗಳಲ್ಲಿ 20 ಬಗೆ. ಯಾವುದರ ಹಿಂದೆ ಯಾವುದು ಬರುತ್ತೆ ಅನ್ನೋದರ ಮೇಲೆ ಆ ಸರಪಳಿ ಹೇಗೆ ಮಡಚಿಕೊಳ್ಳುತ್ತೆ ಅನ್ನೋದು ನಿರ್ಧಾರವಾಗುತ್ತೆ, ಮಡಚಿಕೊಂಡ ಆಕಾರದ ಮೇಲೆ ಅದರ ಕೆಲಸ. ಮನಸ್ಸಿಗೆ ಬಂದ ಹಾಗೆಲ್ಲ ಮಡಚೋಕೂ ಆಗಲ್ಲ, ಪರಮಾಣುಗಳು ಒಂದಕ್ಕೊಂದು ಅಡ್ಡ ಬರ್ತವೆ. ಯಾವ ಕೋನಕ್ಕೆ ತಿರುಗಬಹುದು, ಯಾವುದಕ್ಕೆ ಆಗಲ್ಲ ಅಂತ 1963ರಲ್ಲಿ ನಕ್ಷೆ ಹಾಕಿ ತೋರಿಸಿದವರು ಮದ್ರಾಸಿನಲ್ಲಿದ್ದ ಜಿ.ಎನ್. ರಾಮಚಂದ್ರನ್ ಮತ್ತು ಅವರ ಜೊತೆಗಾರರು. ರಾಮಚಂದ್ರನ್ ಆಮೇಲೆ ಬೆಂಗಳೂರಿನ ಐಐಎಸ್‌ಸಿಗೆ ಬಂದರು. ಜಗತ್ತಿನಲ್ಲಿ ಯಾರೇ ಹೊಸದಾಗಿ ಪ್ರೋಟೀನಿನ ರಚನೆ ಬಿಡಿಸಿದರೂ ಇವತ್ತಿಗೂ ಆ ನಕ್ಷೆಗೆ ಹಾಕಿ ಪರೀಕ್ಷೆ ಮಾಡ್ತಾರೆ. ಮಗಳ ಪುಸ್ತಕದಲ್ಲಿ ಇದಿಲ್ಲದಿದ್ದರೆ ನೀವೇ ಹೇಳಿ.

ಗ್ಲುಟೆನ್ನಿನಲ್ಲಿ ಇರೋದು ಎರಡು ಗುಂಪು, ಗ್ಲಯಾಡಿನ್ ಮತ್ತು ಗ್ಲುಟೆನಿನ್. ಸಿಸ್ಟೀನ್ ಅನ್ನೋ ಅಮೈನೋ ಆಮ್ಲದಲ್ಲಿ ಗಂಧಕ ಇರುತ್ತೆ, ಎರಡು ಸಿಸ್ಟೀನ್ ಹತ್ತಿರ ಬಂದರೆ ಅವುಗಳ ಗಂಧಕಗಳು ಸೇರಿ ಕೊಂಡಿ ಹಾಕ್ಕೊಳ್ತವೆ. ಗ್ಲಯಾಡಿನ್ ತನ್ನ ಮೈಯೊಳಗೇ ಈ ಕೊಂಡಿ ಹಾಕ್ಕೊಂಡು ಒಂಟಿಯಾಗಿ ಇದ್ದುಬಿಡುತ್ತೆ. ಗ್ಲುಟೆನಿನ್ ಹಾಗಲ್ಲ, ಪಕ್ಕದ ಸರಪಳಿಗೂ ಕೊಂಡಿ ಹಾಕುತ್ತೆ, ಅದು ಅದರ ಪಕ್ಕದ್ದಕ್ಕೆ. ಹೀಗೆ ಬೆಳೆದು ಪ್ರಕೃತಿಯಲ್ಲಿರೋ ಅತಿ ದೊಡ್ಡ ಪ್ರೋಟೀನುಗಳ ಸಾಲಿಗೆ ಸೇರುತ್ತೆ. ಎಳೆದರೆ ವಾಪಸ್ ಬರೋ ಗುಣ ಗ್ಲುಟೆನಿನ್ನಿಂದ, ಹರಿಯದೆ ಲಟ್ಟಣಿಗೆ ಕೆಳಗೆ ಅಗಲವಾಗೋ ಗುಣ ಗ್ಲಯಾಡಿನ್ನಿಂದ. ಎರಡರಲ್ಲೂ ಗ್ಲುಟಮಿನ್ ಅನ್ನೋ ಅಮೈನೋ ಆಮ್ಲ ರಾಶಿ ಇದೆ, ಅದು ನೀರನ್ನೂ ಹಿಡೀತದೆ, ಪಕ್ಕದ ಸರಪಳಿಯನ್ನೂ ಹಿಡೀತದೆ. ಅದಕ್ಕೇ ತಣ್ಣೀರು ಸಾಕು. ನಾದ್ತಾ ಹೋದ ಹಾಗೆ ಸರಪಳಿಗಳು ಎಳೆದುಕೊಂಡು ಸಾಲಾಗಿ ಒಂದಕ್ಕೊಂದು ಹೆಣೆದುಕೊಳ್ತವೆ.

ಜೋಳದ ಪ್ರೋಟೀನಿನ ಹೆಸರು ಕಫಿರಿನ್. ಕಾಳಿನಲ್ಲಿ ಇದು ಸಣ್ಣ ಸಣ್ಣ ಗುಂಡುಗಳಾಗಿ ತುಂಬಿಕೊಂಡಿರುತ್ತೆ, ಒಂದೊಂದೂ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗದ ಆಸುಪಾಸು. ಗುಂಡಿನ ಹೊಟ್ಟೆಯಲ್ಲಿ ಆಲ್ಫಾ ಕಫಿರಿನ್, ಸುತ್ತ ಬೀಟಾ ಮತ್ತು ಗಾಮಾ ಕಫಿರಿನ್‌ಗಳ ಕವಚ. ಕವಚದವಕ್ಕೆ ಸಿಸ್ಟೀನ್ ಜಾಸ್ತಿ, ಗಂಧಕದ ಕೊಂಡಿಗಳಿಂದ ಬೀಗ ಹಾಕಿದ ಹಾಗೇ. ಮೇಲಾಗಿ ಕಫಿರಿನ್ನಿಗೆ ನೀರು ಕಂಡರೆ ಆಗಲ್ಲ. ಅದರಲ್ಲಿ ಲ್ಯೂಸಿನ್, ಅಲನಿನ್ ಥರದ ನೀರಿಗೆ ಬೆನ್ನು ತಿರುಗಿಸೋ ಅಮೈನೋ ಆಮ್ಲಗಳೇ ಹೆಚ್ಚು. ತಣ್ಣೀರು ಹಾಕಿ ಎಷ್ಟು ನಾದಿದರೂ ಪರಾತದಲ್ಲಿ ಸಾಸಿವೆ ಸುರಿದು ನಾದಿದಷ್ಟೇ. ಸುಮ್ಮ ಕುಂತಿರ್ತದೇನು ಅಂತ ಕೇಳಿದ್ರಲ್ಲ, ಹೌದು, ಅಕ್ಷರಶಃ ಕುಂತಿರುತ್ತೆ.

ಇಲ್ಲಿ ನನಗೆ ಪಠ್ಯಪುಸ್ತಕದವರ ಮೇಲೆ ಸಣ್ಣ ಸಿಟ್ಟಿದೆ. ‘ಪ್ರೋಟೀನಿನ ಕೆಲಸ’ ಅಂತ ಪಟ್ಟಿ ಕೊಡ್ತಾರೆ. ಯಾರಿಗೆ ಕೆಲಸ? ಜೋಳದ ಗಿಡಕ್ಕೆ ಕಫಿರಿನ್ ಅಂದರೆ ಮೊಳಕೆಗೆ ಕಟ್ಟಿಟ್ಟ ಬುತ್ತಿ. ಮೊಳಕೆ ಒಡೆಯುವಾಗ ಕಿಣ್ವಗಳು ಬಂದು ಅದನ್ನ ಕತ್ತರಿಸಿ ಸಾರಜನಕ ಒದಗಿಸ್ತವೆ. ಬಿಗಿಯಾಗಿ, ನೀರು ತಾಗದ ಹಾಗೆ ಕಟ್ಟಿಟ್ಟಷ್ಟೂ ಗಿಡಕ್ಕೆ ಒಳ್ಳೇದು. ಗೋಧಿಗೂ ಗ್ಲುಟೆನ್ ಇರೋದು ಬುತ್ತಿಗಾಗಿಯೇ. ಅದು ಚಪಾತಿಗೆ ಒದಗಿದ್ದು ನಮ್ಮ ಅದೃಷ್ಟ, ಗೋಧಿಯ ಉದ್ದೇಶ ಅಲ್ಲ.

ಸರಿ, ಪ್ರೋಟೀನ್ ಕೈಕೊಟ್ಟಿತು. ಹಿಟ್ಟಿನಲ್ಲಿ ಸುಮಾರು ಮುಕ್ಕಾಲು ಪಾಲು ಇರೋದು ಪಿಷ್ಟ. ನಿಮ್ಮ ಅತ್ತೆಯವರು ಕೆಲಸ ಮಾಡಿಸೋದು ಅದರ ಕೈಲಿ.

ಪಿಷ್ಟ ಅಂದರೆ ಗ್ಲೂಕೋಸಿನ ಸರಪಳಿ. ಅಮೈಲೋಸ್ ಕೊಂಬೆ ಇಲ್ಲದ್ದು, ಉದ್ದಕ್ಕೆ ಸುರುಳಿ ಸುತ್ತಿಕೊಳ್ಳುತ್ತೆ. ಅಮೈಲೋಪೆಕ್ಟಿನ್ ಕೊಂಬೆ ಕೊಂಬೆಯಾಗಿ ಒಡೆದದ್ದು, ಗಾತ್ರದಲ್ಲಿ ಎಷ್ಟೋ ಪಟ್ಟು ದೊಡ್ಡದು, ಪಿಷ್ಟದ ಹೆಚ್ಚು ಪಾಲು ಅದೇ. ಎರಡೂ ಸೇರಿ ಹರಳಾಗಿ ಬಿಗಿದುಕೊಂಡು ಪಿಷ್ಟದ ಕಣ ಆಗಿರುತ್ತೆ. ತಣ್ಣೀರಲ್ಲಿ ಆ ಕಣ ಬಿಚ್ಚಿಕೊಳ್ಳಲ್ಲ, ತಳಕ್ಕೆ ಹೋಗಿ ಕೂರುತ್ತೆ. ನೀರಿನ ಜೊತೆ ಬಿಸಿ ಸಿಕ್ಕರೆ ಹರಳು ಕರಗಿ, ಕಣ ನೀರು ಕುಡಿದು ಉಬ್ಬಿ, ಅಮೈಲೋಸ್ ಹೊರಗೆ ಸೋರಿ ಅಂಟಾಗುತ್ತೆ. ಗೋಧಿ ಪಿಷ್ಟಕ್ಕೆ ಇದು 60 ಡಿಗ್ರಿ ಸೆಲ್ಸಿಯಸ್ ಆಸುಪಾಸು ಆಗುತ್ತೆ, ಜೋಳದ್ದಕ್ಕೆ ಇನ್ನೂ ಮೇಲೆ, 70ರ ಹತ್ತಿರ.

ಈಗ ಎಸರಿನ ಲೆಕ್ಕ ನೋಡಿ. ಕುದಿಯೋ ನೀರು ತಣ್ಣನೆ ಹಿಟ್ಟಿಗೆ, ತಣ್ಣನೆ ಪರಾತಕ್ಕೆ ಬಿದ್ದ ತಕ್ಷಣ ಶಾಖ ಇಳಿದುಬಿಡುತ್ತೆ. 100ರಿಂದ ಹೊರಟರೆ ನೀರು ಬಿದ್ದ ಕಡೆಯಾದರೂ 70 ದಾಟಿರುತ್ತೆ. ಬೆಚ್ಚಗಿನ ನೀರು ಹೊರಡೋದೇ 50ರಿಂದ, ಒಂದು ಕಣವೂ ಬಿಚ್ಚಿಕೊಳ್ಳಲ್ಲ, ಅಂಚು ಸೀಳದೆ ಇನ್ನೇನಾಗುತ್ತೆ? ಇನ್ನೊಂದು ಸೂಕ್ಷ್ಮ ಇದೆ. ಎಲ್ಲಾ ಕಣ ಬಿಚ್ಚಿಕೊಂಡರೆ ಅದು ರೊಟ್ಟಿ ಹಿಟ್ಟಲ್ಲ, ಅಂಬಲಿ. ಎಸರಿನಿಂದ ಸ್ವಲ್ಪ ಕಣ ಮಾತ್ರ ಅಂಟಾಗಬೇಕು, ಉಳಿದ ಹಸಿ ಹಿಟ್ಟನ್ನ ಆ ಅಂಟು ಹಿಡಿದುಕೊಳ್ಳಬೇಕು, ಉಳಿದದ್ದು ಹಂಚಿನ ಮೇಲೆ ಬೇಯಬೇಕು. ಆ ಪ್ರಮಾಣವನ್ನ ನಿಮ್ಮ ಕೈ ಅಳೆಯುತ್ತೆ, ನಮ್ಮ ಲ್ಯಾಬಿನಲ್ಲಿ ಅದಕ್ಕೊಂದು ಮಷೀನು ಬೇಕು.

ಕೊನೆಯದಾಗಿ ಮಗಳಿಗೆ ಒಂದು ಮಾತು. ಜೋಳದ ಕಾಳಿನಲ್ಲಿ ಇರೋ ಗ್ಲೂಕೋಸೇ ಅದೇ ಗಿಡದ ಕಣಿಕೆಯಲ್ಲೂ ಇದೆ. ಕಾಳಿನಲ್ಲಿ ಗ್ಲೂಕೋಸುಗಳು ಒಂದೇ ಮುಖವಾಗಿ ಸೇರ್ತವೆ, ಸರಪಳಿ ಸುರುಳಿಯಾಗುತ್ತೆ, ನಮ್ಮ ಎಂಜಲಲ್ಲಿರೋ ಕಿಣ್ವಕ್ಕೆ ಅದನ್ನ ಕತ್ತರಿಸೋಕೆ ಬರುತ್ತೆ. ಕಣಿಕೆಯಲ್ಲಿ ಒಂದು ಬಿಟ್ಟು ಒಂದು ತಲೆಕೆಳಗಾಗಿ ಸೇರ್ತವೆ. ಅಷ್ಟೇ ವ್ಯತ್ಯಾಸ. ಆಗ ಸರಪಳಿ ನೆಟ್ಟಗೆ ನಿಲ್ಲುತ್ತೆ, ಪಕ್ಕಪಕ್ಕದವು ಒತ್ತಾಗಿ ಅಂಟಿಕೊಂಡು ನಾರಾಗ್ತವೆ. ಅದು ಸೆಲ್ಯುಲೋಸ್. ನಮ್ಮ ಕಿಣ್ವ ಅದನ್ನ ಮುಟ್ಟಲ್ಲ. ಎತ್ತಿಗೂ ಸ್ವಂತವಾಗಿ ಆ ಶಕ್ತಿ ಇಲ್ಲ, ಅದರ ಹೊಟ್ಟೆಯಲ್ಲಿರೋ ಸೂಕ್ಷ್ಮಜೀವಿಗಳಿಗಿದೆ. ಪರೀಕ್ಷೆಯಲ್ಲಿ ಆಲ್ಫಾ ಕೊಂಡಿ, ಬೀಟಾ ಕೊಂಡಿ ಅಂತ ಎರಡು ಅಂಕಕ್ಕೆ ಕೇಳೋದು ಇದನ್ನೇ.

ರೊಟ್ಟಿಮನಿ, ಧಾಯರಿ (ಪುಣೆ)

ಅಣ್ಣಾರ, ಭಾಳ ಉಪಕಾರ ಆತ್ರಿ. ನಿನ್ನಿ ರಾತ್ರಿ ಅಡಗಿಮನಿ ತುಂಬ ನಿಮ್ಮ ಪ್ರಯೋಗನೇ. ಮೈದಾ ಉಂಡಿ ತೊಳದು ಆ ಗ್ಲುಟೆನ್ ಬಂತ್ರಿ, ಮಗಳು ಎಳಿಯೋದು ಬಿಡೋದು, ಎಳಿಯೋದು ಬಿಡೋದು. ತಮ್ಮ ಬಂದು ಅದನ್ನ ಗ್ವಾಡಿಗೆ ಒಗದು ನೋಡ್ದ, ಅಂಟ್ಕೊಂಡೇ ಬಿಡ್ತು. ಜೋಳದ್ದು ನೀವಂದಂಗ, ಕೈಯಾಗ ಏನೂ ಉಳಿಲಿಲ್ಲ. ತೊಳದ ನೀರು ಚೆಲ್ಲಲಿಲ್ಲ ಮತ್ತ, ಅದನ್ನ ಕಾಸಿ ಕಾಟನ್ ಸೀರಿಗೆ ಗಂಜಿ ಹಾಕಿದೆ.

ಕಣಿಕಿ ಮಾತು ಓದಿ ನಮ್ಮ ಮಾವಗ ಫೋನ್ ಮಾಡಿ ಹೇಳಿದೆ. "ಎತ್ತಿಗೆ ಕಾಳು ಹಾಕಿದ್ರ ಹೊಟ್ಟಿ ಉಬ್ಬಸ್ತದ, ಕಣಿಕಿ ಹಾಕಿದ್ರ ಬದುಕ್ತದ, ಅದನ್ನ ಪುಣೆದವ್ರು ಹೇಳಬೇಕೇನು" ಅಂದ್ರು!

ಇನ್ನ ನಂದು ಮೂರು ಉಳದಾವ. ಹಳೇ ಹಿಟ್ಟು, ಸಂಜಿಗೆ ಬಿರುಸಾಗೋದು, ಕಡಕ್ ರೊಟ್ಟಿ. ಬಿರುಸಾಗೋದು ನೀರು ಆರಿ ಅಲ್ಲೇನ್ರಿ? ಆದ್ರ ಡಬ್ಬಿಯೊಳಗ ಮುಚ್ಚಿಟ್ರೂ ಬಿರುಸಾಗ್ತದ, ಫ್ರಿಜ್ಜಿನಾಗ ಇಟ್ರಂತೂ ಹಲಗಿ. ಮತ್ತ ಮಗಳು ಕೇಳ್ತಾಳ, ಪಾಠದಾಗ ನಾಲ್ಕನೇದು ನ್ಯೂಕ್ಲಿಯಿಕ್ ಆಸಿಡ್ ಅದಲ್ಲ, ಅದೂ ರೊಟ್ಟಿಯೊಳಗ ಇರ್ತದೇನು ಅಂತ.

ಮಡಗಾಂವ್ ಬೇಕರಿ ಹುಡುಗ (ಗೋವಾ)

ಫ್ರಿಜ್ ಬಗ್ಗೆ ನಾನು ಹೇಳ್ತೀನಿ ಅಕ್ಕ. ನಮ್ಮದು ಹಾವೇರಿ, ಇಲ್ಲಿ ಬೇಕರಿಯಲ್ಲಿ ಕೆಲಸ. ಪಾವ್ ಫ್ರಿಜ್‌ನಲ್ಲಿ ಇಡಬ್ಯಾಡ್ರಿ ಅಂತ ಗಿರಾಕಿಗೆ ದಿನಾ ಹೇಳ್ತೀವಿ, ಕೇಳಲ್ಲ. ಹೊರಗೆ ಇಟ್ಟದ್ದಕ್ಕಿಂತ ಬೇಗ ಗಟ್ಟಿ ಆಗ್ತತಿ. ಫ್ರೀಜರ್‌ನಾಗ ಇಟ್ರ ಪರವಾಗಿಲ್ಲ. ಕಾರಣ ಗೊತ್ತಿಲ್ಲ, ಸರ್ ಹೇಳ್ಲಿ. ಗಟ್ಟಿ ಆದ ಪಾವ್ ಮೇಲೆ ನೀರು ಚಿಮುಕಿಸಿ ಒಲೆಗೆ ಇಟ್ರ ಮತ್ತ ಮೆತ್ತಗ, ಆದ್ರ ತಕ್ಷಣ ತಿನ್ಬೇಕು.

ಸಾತ್ವಿಕ ಆಹಾರ, ಠಾಣೆ

ಇಷ್ಟೆಲ್ಲ ಚರ್ಚೆ ಯಾಕೆ? ಗ್ಲುಟೆನ್ ವಿಷ. ಎಲ್ಲರೂ ಗೋಧಿ ಬಿಡಿ. ಜೋಳದ ಪ್ರೋಟೀನ್ ಗೋಧಿಗಿಂತ ನೂರು ಪಾಲು ಶ್ರೇಷ್ಠ, ಬೇಗ ಜೀರ್ಣ.

ಡೊಂಬಿವಲಿ ಶೆಟ್ರು

ವಿಷವಾದ್ರೆ ಅರ್ಧ ಮುಂಬಯಿ ವಡಾಪಾವಿನಲ್ಲೇ ಹೋಗ್ಬೇಕಿತ್ತು ಸ್ವಾಮಿ.

ಪಿಪೆಟ್ ಹಿಡಿದವ (ಪಾಷಾಣ್, ಪುಣೆ)

ಗಂಜಿ ಹಾಕಿದ್ದು ಕೇಳಿ ಖುಷಿಯಾಯ್ತು ಅಕ್ಕಾ. ಸೀರೆಗೆ ಗಂಜಿ ಹಾಕೋದು, ಹಿಟ್ಟಿಗೆ ಎಸರು ಹಾಕೋದು, ಎರಡರಲ್ಲೂ ದುಡಿಯೋದು ಅದೇ ಅಮೈಲೋಸ್. ಮಗಳಿಗೆ ಇನ್ನೊಂದು ಆಟ ಇದೆ. ತೆಳ್ಳಗಿನ ಗಂಜಿನೀರಿಗೆ ಗಾಯಕ್ಕೆ ಹಚ್ಚೋ ಟಿಂಚರ್ ಅಯೋಡಿನ್ ಒಂದೆರಡು ಹನಿ ಹಾಕಲಿ. ಕಡುನೀಲಿ ಆಗುತ್ತೆ. ಅಮೈಲೋಸ್ ಸುರುಳಿಯಲ್ಲಿ ಒಂದು ಸುತ್ತಿಗೆ ಸುಮಾರು 6 ಗ್ಲೂಕೋಸ್, ಅದರ ನಡುವಿನ ಟೊಳ್ಳಿನಲ್ಲಿ ಅಯೋಡಿನ್ ಸಾಲಾಗಿ ಕೂತಾಗ ಆ ಬಣ್ಣ. ಈಗ ಅದನ್ನ ಕಾಸಲಿ, ನೀಲಿ ಹೋಗುತ್ತೆ, ಸುರುಳಿ ಸಡಿಲಾಯ್ತು. ಆರಲಿ, ನೀಲಿ ಮತ್ತೆ ಬರುತ್ತೆ. ಕಣ್ಣಿಗೆ ಕಾಣದ ಅಣುವಿನ ಆಕಾರ ಬದಲಾಗೋದನ್ನ ಬಣ್ಣದಲ್ಲಿ ನೋಡೋದಕ್ಕೆ ಇದಕ್ಕಿಂತ ಅಗ್ಗದ ದಾರಿ ನನಗೆ ಗೊತ್ತಿಲ್ಲ. ಆ ಗಂಜಿಯನ್ನ ಮಾತ್ರ ಆಮೇಲೆ ಚೆಲ್ಲಿಬಿಡಿ, ಸೀರೆಗೂ ಬೇಡ.

ಬಿರುಸಾಗೋದು ನೀರು ಆರಿ ಅಂತ ಯುರೋಪಿನವರೂ ಬಹಳ ಕಾಲ ನಂಬಿದ್ದರು. 1852ರಲ್ಲಿ ಬುಸೆಂಗೋ ಅನ್ನೋ ಫ್ರೆಂಚ್ ರಸಾಯನಶಾಸ್ತ್ರಜ್ಞ ಬ್ರೆಡ್ಡಿನ ನೀರು ಹೊರಹೋಗದ ಹಾಗೆ ಮುಚ್ಚಿಟ್ಟು ನೋಡಿದ. ಆದರೂ ಗಟ್ಟಿಯಾಯ್ತು. ನಿಮ್ಮ ಡಬ್ಬಿಯ ಅನುಭವವೇ. ಆಗೋದೇನಂದರೆ, ಬಿಸಿಯಲ್ಲಿ ಬಿಚ್ಚಿಕೊಂಡಿದ್ದ ಪಿಷ್ಟದ ಸರಪಳಿಗಳು ಆರಿದ ಮೇಲೆ ಒಂದನ್ನೊಂದು ಹುಡುಕಿ ಮತ್ತೆ ಹರಳುಗಟ್ಟೋಕೆ ಹೊರಡ್ತವೆ. ಅಮೈಲೋಸ್ ಮೊದಲು, ರೊಟ್ಟಿ ಆರೋ ಹೊತ್ತಿಗೇ. ಅಮೈಲೋಪೆಕ್ಟಿನ್ ನಿಧಾನ, ಗಂಟೆಗಳು, ದಿನಗಳು. ಈ ಹರಳುಗಟ್ಟೋ ಕೆಲಸ ಚುರುಕಾಗಿ ನಡೆಯೋದು ಸೊನ್ನೆಗಿಂತ ಸ್ವಲ್ಪ ಮೇಲಿನ ತಂಪಿನಲ್ಲಿ, ಅಂದರೆ ಸರಿಯಾಗಿ ಫ್ರಿಜ್ಜಿನಲ್ಲಿ. ಫ್ರೀಜರಿನಲ್ಲಿ ಸರಪಳಿಗಳಿಗೆ ಅಲುಗಾಡೋಕೇ ಆಗಲ್ಲ, ಹಾಗಾಗಿ ಕೆಲಸ ನಿಂತುಹೋಗುತ್ತೆ. ಬೇಕರಿ ತಮ್ಮ ಹೇಳಿದ್ದು ನೂರಕ್ಕೆ ನೂರು ಸರಿ. ಮತ್ತೆ ಕಾಸಿದರೆ ಮೆತ್ತಗಾಗೋದು ಯಾಕಂದರೆ ಅಮೈಲೋಪೆಕ್ಟಿನ್ನಿನ ಈ ಹೊಸ ಹರಳು 60 ಡಿಗ್ರಿ ಆಸುಪಾಸಿನಲ್ಲೇ ಕರಗುತ್ತೆ. ಅಮೈಲೋಸಿನದ್ದು ಕರಗೋಕೆ 100 ದಾಟಬೇಕು, ಹಂಚಿನಲ್ಲಿ ನೀರಿರೋ ತನಕ ಅಷ್ಟು ಏರಲ್ಲ. ಅದಕ್ಕೇ ಮತ್ತೆ ಕಾಸಿದ ರೊಟ್ಟಿ ಮುಂಜಾನೆಯ ರೊಟ್ಟಿ ಆಗೋದೇ ಇಲ್ಲ.

ಕಡಕ್ ರೊಟ್ಟಿಯ ಜಾಣತನ ಇಲ್ಲೇ. ನೀರನ್ನೇ ಓಡಿಸಿಬಿಟ್ಟರೆ ಸರಪಳಿಗಳು ಇದ್ದಲ್ಲೇ ಸೆಟೆದು ನಿಲ್ತವೆ. ಗರಿಗರಿ, ಆದರೆ ಹರಳುಗಟ್ಟಲ್ಲ, ಯಾಕಂದರೆ ಸರಿದಾಡೋಕೆ ನೀರು ಬೇಕು. ಬೂಸ್ಟು ಬೆಳೆಯೋಕೂ ನೀರು ಬೇಕು. ಜುಲೈ ತಿಂಗಳಲ್ಲಿ ಡಬ್ಬಿ ಮುಚ್ಚಳ ಸಡಿಲ ಬಿಟ್ಟರೆ ಗಾಳಿಯ ತೇವ ಹೀರಿ ಮೆತ್ತಗಾಗೋದನ್ನ ನೀವೇ ನೋಡಿರ್ತೀರಿ, ಶೆಟ್ರ ಡೊಂಬಿವಲಿಯಲ್ಲಂತೂ ಕೇಳೋದೇ ಬೇಡ.

ಹಳೇ ಹಿಟ್ಟಿನಲ್ಲಿ ಪಾಠದ ಮೂರನೇ ಗುಂಪು ಬರುತ್ತೆ, ಕೊಬ್ಬು. ಜೋಳದ ಕಾಳಿನ ಮೊಳಕೆಯ ಭಾಗದಲ್ಲಿ ಎಣ್ಣೆ ಇದೆ. ಕಾಳು ಇಡಿಯಾಗಿರೋ ತನಕ ಎಣ್ಣೆ ಒಂದು ಕಡೆ, ಅದನ್ನ ಒಡೆಯೋ ಕಿಣ್ವ ಇನ್ನೊಂದು ಕಡೆ. ಗಿರಣಿಯಲ್ಲಿ ಬೀಸಿದ ಕೂಡಲೇ ಎರಡೂ ಸೇರಿಹೋಗ್ತವೆ. ದಿನ ಕಳೆದ ಹಾಗೆ ಕೊಬ್ಬಿನಾಮ್ಲಗಳು ಬಿಡುಗಡೆಯಾಗಿ ಹಿಟ್ಟು ಕಹಿಯಾಗುತ್ತೆ. ಜೊತೆಗೆ, ಅಯೋಡಿನ್ ಕೂರೋ ಅದೇ ಟೊಳ್ಳಿಗೆ ಕೊಬ್ಬಿನಾಮ್ಲದ ಉದ್ದ ಬಾಲವೂ ಹೋಗಿ ಕೂರುತ್ತೆ, ಹಾಗೆ ಸಿಕ್ಕಿಕೊಂಡ ಅಮೈಲೋಸ್ ಹೊರಗೆ ಸೋರಲ್ಲ, ಕಣವೂ ಸರಿಯಾಗಿ ಉಬ್ಬಲ್ಲ. ಜಿಗಿ ಹೋಗೋದಕ್ಕೆ ಇದೊಂದು ದಾರಿ. ಸ್ವಲ್ಪ ಸ್ವಲ್ಪವೇ ಬೀಸಿಸಿಕೊಳ್ಳಿ, ಬೇರೆ ಉಪಾಯ ಇಲ್ಲ.

ರೊಟ್ಟಿಯಲ್ಲಿ ಡಿಎನ್‌ಎ ಇದೆ. ಕಾಳಿನ ಒಂದೊಂದು ಜೀವಕೋಶದಲ್ಲೂ ಇತ್ತಲ್ಲ, ಎಲ್ಲಿಗೆ ಹೋಗುತ್ತೆ? ಹಂಚಿನ ಬಿಸಿಗೆ ತುಂಡಾಗುತ್ತೆ, ಹೊಟ್ಟೆಯಲ್ಲಿ ಇನ್ನೂ ಸಣ್ಣದಾಗಿ ಜೀರ್ಣವಾಗುತ್ತೆ. ಆದರೂ ಬೇಯಿಸಿದ ಪದಾರ್ಥದ ತುಂಡುಗಳಿಂದಲೇ ಇದರಲ್ಲಿ ಗೋಧಿ ಬೆರೆತಿದೆಯೋ ಇಲ್ಲವೋ ಅಂತ ಪಿಸಿಆರ್ (ಡಿಎನ್‌ಎ ತುಂಡನ್ನ ನಕಲು ಮಾಡಿ ಹೆಚ್ಚಿಸಿ ಗುರುತಿಸೋ ಪರೀಕ್ಷೆ) ಮಾಡಿ ಹೇಳಬಹುದು. ಕಫಿರಿನ್ನಿನಲ್ಲಿ ಯಾವ ಅಮೈನೋ ಆಮ್ಲದ ಹಿಂದೆ ಯಾವುದು ಅನ್ನೋ ಕ್ರಮ ಬರೆದಿರೋದು ಆ ಡಿಎನ್‌ಎಯಲ್ಲೇ. ಆ ಬರಹ ಸ್ವಲ್ಪ ಬೇರೆಯಾದರೆ ಕಾಳೇ ಬೇರೆಯಾಗುತ್ತೆ. 1973ರಲ್ಲಿ ಸಿಂಗ್ ಮತ್ತು ಆಕ್ಸ್‌ಟೆಲ್ ಅನ್ನೋ ವಿಜ್ಞಾನಿಗಳು ಇಥಿಯೋಪಿಯಾದ ಜೋಳದ ತಳಿಗಳಲ್ಲಿ ಲೈಸಿನ್ (ನಮಗೆ ಊಟದಿಂದಲೇ ಸಿಗಬೇಕಾದ ಒಂದು ಅಮೈನೋ ಆಮ್ಲ) ಹೆಚ್ಚಿರೋವನ್ನ ಹುಡುಕಿ ತೆಗೆದರು. ಅದು ಸುದ್ದಿಯಾದದ್ದು ಯಾಕೆ ಅಂದರೆ ಮಾಮೂಲಿ ಜೋಳದಲ್ಲಿ ಲೈಸಿನ್ ತೀರಾ ಕಡಿಮೆ.

ಇಲ್ಲಿಗೆ ಠಾಣೆಯವರ ಮಾತಿಗೆ ಬರ್ತೀನಿ. ಸಾರ್, ಗ್ಲುಟೆನ್ ಕೆಲವರಿಗೆ ನಿಜಕ್ಕೂ ಹಾನಿ. ಸೀಲಿಯಾಕ್ ಅನ್ನೋ ಕಾಯಿಲೆ ಇದೆ. ವಿಲ್ಲೆಮ್ ಡಿಕೆ ಅನ್ನೋ ಡಚ್ ಮಕ್ಕಳ ವೈದ್ಯರು 1950ರ ತಮ್ಮ ಪ್ರಬಂಧದಲ್ಲಿ ಗೋಧಿಗೂ ಅದಕ್ಕೂ ಇರೋ ನಂಟನ್ನ ತೋರಿಸಿದರು. ಗ್ಲಯಾಡಿನ್ನಿನಲ್ಲಿ ಪ್ರೋಲಿನ್ ಅನ್ನೋ ಅಮೈನೋ ಆಮ್ಲ ಒತ್ತೊತ್ತಾಗಿರೋ ತುಂಡುಗಳಿವೆ, ಅವನ್ನ ನಮ್ಮ ಕಿಣ್ವಗಳು ಪೂರ್ತಿ ಕತ್ತರಿಸಲಾರವು, ಉಳಿದ ತುಂಡಿನ ಮೇಲೆ ಆ ರೋಗಿಗಳ ರೋಗನಿರೋಧಕ ವ್ಯವಸ್ಥೆ ತಿರುಗಿ ಬೀಳುತ್ತೆ. ಅವರಿಗೆ ಜೋಳ ದೊಡ್ಡ ವರ. ಅದು ಬಿಟ್ಟು ಎಲ್ಲರೂ ಗೋಧಿ ಬಿಡಿ ಅನ್ನೋದು ಸರಿಯಲ್ಲ.

ಬೇಗ ಜೀರ್ಣ ಅನ್ನೋದಂತೂ ತಲೆಕೆಳಗು. ಜೋಳವನ್ನ ನೀರಲ್ಲಿ ಬೇಯಿಸಿದಾಗ ಕಫಿರಿನ್ ಗುಂಡುಗಳ ಕವಚದಲ್ಲಿ ಇನ್ನಷ್ಟು ಗಂಧಕದ ಕೊಂಡಿಗಳು ಬಿಗಿದುಕೊಳ್ತವೆ, ಹೊಟ್ಟೆಯ ಕಿಣ್ವಕ್ಕೆ ಒಳಗೆ ಹೋಗೋದು ಇನ್ನೂ ಕಷ್ಟವಾಗುತ್ತೆ. ಬೇಯಿಸಿದ ಮೇಲೆ ಪ್ರೋಟೀನಿನ ಜೀರ್ಣ ಕಡಿಮೆಯಾಗೋದು ಜೋಳದ ಹೆಸರಾದ ಗುಣ, ಗೋಧಿಯಲ್ಲಿ ಹೀಗಾಗಲ್ಲ. ಸುಡಾನಿನವರು ಜೋಳದ ಹಿಟ್ಟು ಹುಳಿಬರಿಸಿ ಕಿಸ್ರಾ ಅನ್ನೋ ತೆಳ್ಳನೆ ರೊಟ್ಟಿ ಮಾಡ್ತಾರೆ, ಹುಳಿ ಬಂದರೆ ಜೀರ್ಣ ಸುಧಾರಿಸುತ್ತೆ. ಲೈಸಿನ್ ಕೊರತೆಗೆ ನಮ್ಮ ಕಡೆಯ ಊಟದಲ್ಲೇ ಮದ್ದಿದೆ. ಹೆಸರು, ಮಡಿಕೆ, ತೊಗರಿ, ಯಾವ ಬೇಳೆಕಾಳಿನಲ್ಲಾದರೂ ಲೈಸಿನ್ ಧಾರಾಳ. ರೊಟ್ಟಿ ಜೊತೆ ಕಾಳುಪಲ್ಯ ಇದ್ದರೆ ಒಂದರ ಕೊರತೆ ಇನ್ನೊಂದು ತುಂಬುತ್ತೆ. ಬರೀ ರೊಟ್ಟಿ, ಶೇಂಗಾ ಚಟ್ನಿ ಅಂತ ವಾರ ಕಳೆಯೋ ಹುಡುಗರಿಗೆ ಅಷ್ಟು ಸಾಲದು, ಶೇಂಗಾದಲ್ಲೂ ಲೈಸಿನ್ ಅಷ್ಟಕ್ಕಷ್ಟೇ.

ರೊಟ್ಟಿಮನಿ, ಧಾಯರಿ (ಪುಣೆ)

ಶೇಂಗಾ ಚಟ್ನಿ ಮಾತು ಆ ರೂಮಿನ ಹುಡುಗ್ರಿಗೆ ಓದಿ ಹೇಳಿದೆ ಅಣ್ಣಾರ. "ಆಂಟಿ, ಹಂಗಾದ್ರ ರೊಟ್ಟಿ ಜೊತೆ ನೀವೇ ಮಡಿಕಿಕಾಳು ಪಲ್ಯನೂ ಕೊಡ್ರಿ" ಅಂದ್ರು. ಎಷ್ಟ್ ತಗೋಬೇಕು ಅಂತ ರೇಟ್ ಯೋಚನಿ ಮಾಡ್ಲಿಕ್ಕತ್ತೀನಿ. ಯಾರರ ಪುಣೆದಾಗ ಪಲ್ಯದ ಡಬ್ಬಿ ಕೊಡೋರಿದ್ರ ಒಂದ್ ವಾಟಿಗೆ ಎಷ್ಟ್ ನಡೀತದ ಹೇಳ್ರಿ.